ಒಂಬತ್ತನೇ ದಿನ ಮಾಯವಾದ ಬೋಟು

ಕದ್ರಿಯ ಆಫೀಸಿನಲ್ಲಿ ನಾನು ನೋಡುತ್ತಿದ್ದಂತೆಯೇ ಕಂಪ್ಯೂಟರ್ ಪರದೆಯಿಂದ ಅಪ್ಪನ ಬೋಟು ಮಾಯವಾಯಿತು. ಅವರು ಮೀನಿಗೆಂದು ಕಡಲಿಗಿಳಿದು ಒಂಬತ್ತನೇ ದಿನ. ಹೊರಗೆ ಜೋರು ಗಾಳಿ. ಬೋಟು ಎಲ್ಲಿದೆಯೆಂಬ ಸುಳಿವು ಕಳಿಸುವ ಯಂತ್ರಕ್ಕೆ ಪ್ರೋಗ್ರಾಮ್ ಬರೆದವಳು ನಾನೇ. ಒಂದು ಮೆಮೊರಿಯನ್ನು ಪ್ರೋಗ್ರಾಮಿನ ಎಷ್ಟು ಭಾಗಗಳು ಹಿಡಿದಿವೆ ಎಂದು ಎಣಿಸುವ ಸ್ಮಾರ್ಟ್ ಪಾಯಿಂಟರ್, ಬೇಡವಾದದ್ದನ್ನು ತಾನಾಗಿ ಬಿಡಿಸುತ್ತದೆಂದು ನಂಬಿದ್ದೆ.

ಪಕ್ಕದ ಮೇಜಿನ ಶಶಿಯಕ್ಕ ಕೋಡ್ ಓದಿದರು. "ಹಿಡಿದವರ ಲೆಕ್ಕ ಸೊನ್ನೆ ಆದ್ರೆ ಮಾತ್ರ ಅಲ್ವಾ ಅದು ಬಿಡುವುದು? ಇಲ್ಲಿ ಪ್ರತಿ ಮೆಸೇಜು, ಅದರ ರಿಪ್ಲೈ ಒಂದನ್ನೊಂದು ಹಿಡ್ಕೊಂಡೇ ಉಂಟು ಮಾರಾಯ್ತಿ, ಲೆಕ್ಕ ಸೊನ್ನೆ ಆಗುವುದೇ ಇಲ್ಲ. ಒಂಬತ್ತು ದಿನದಲ್ಲಿ ಮೆಮೊರಿ ತುಂಬಿ ಯಂತ್ರ ನಿಂತಿದೆ."

ಮರುದಿನ ಸಂಜೆ ಬಂದರಿನಿಂದ ಅಪ್ಪನ ಫೋನ್ ಬರುವವರೆಗೆ ನಾನು ಆ ಪರದೆಯ ಮುಂದಿನಿಂದ ಏಳಲಿಲ್ಲ.

ತಪ್ಪನ್ನು ಸರಿಪಡಿಸಿದೆ. ಆದರೆ ಹತ್ತು ದಿನ ಕಡಲಲ್ಲಿರಬೇಕಾದ ಯಂತ್ರವನ್ನು ನಾನು ಮೇಜಿನ ಮೇಲಿಟ್ಟು ಪರೀಕ್ಷಿಸಿದ್ದು ಒಂದೇ ಗಂಟೆ. ಅಪ್ಪ ಹೋಗಿ ಎಷ್ಟು ದಿನವಾಯಿತೆಂದು ಎಣಿಸುತ್ತಲೇ ಬೆಳೆದವಳು ನಾನು.