ಬೆರಕೆ ಮಾಲು

ನಿನ್ನೆ ವಿನೋಬನಗರದ ಅಂಗಡಿಯ ಮುಂದೆ, ಆಗಷ್ಟೇ ಹುರಿದ ಮಂಡಕ್ಕಿಯ ಬಿಸಿ ವಾಸನೆಯ ನಡುವೆ, ಮಗಳ ಟೀಚರು ಸಿಕ್ಕರು. ‘ನಿಮ್ಮ ಮಗಳು ಇದ್ಲು ಅಂದ್ರೆ ಕ್ಲಾಸೆಲ್ಲ ನಗೂನೇ ನೋಡ್ರಿ’ ಎಂದರು. ಬೇರೆ ತಾಯಿಯಾಗಿದ್ದರೆ ಹಿಗ್ಗುತ್ತಿದ್ದಳು. ನಾನು ಚಿಂತೆಗೆ ಬಿದ್ದೆ. ಹಾಲು ಉಕ್ಕಿದರೂ ಚಿಂತೆ, ಉಕ್ಕದಿದ್ದರೂ ಚಿಂತೆ ಮಾಡುವ ಜಾತಿ ನನ್ನದು. ಮನೆಯಲ್ಲಿ ಆ ಹುಡುಗಿ ಕೇಳಿದ್ದಕ್ಕೆ ತಲೆಯಾಡಿಸಿದರೆ ಅದೇ ಒಂದು ಭಾಷಣ. ಹಾಗಾದರೆ ನಿಜವಾದವಳು ಯಾರು?

ಈ ಪ್ರಶ್ನೆ ನನಗೆ ಹೊಸದಲ್ಲ ನೋಡಿ. ನನ್ನ ಮೇಲೇ ಒಮ್ಮೆ ಇದರ ಪಂಚಾಯಿತಿ ನಡೆದಿತ್ತು.

ಐವತ್ತರ ದಶಕದ ಕೊನೆ, ಈಗ್ಗೆ ಇಪ್ಪತ್ತೈದು ವರ್ಷದ ಹಿಂದಿನ ಮಾತು. ತಮ್ಮ ಹುಟ್ಟುವಾಗ ಅವ್ವ ಹಾಸಿಗೆ ಹಿಡಿದಿದ್ದರಿಂದ ನನ್ನನ್ನು ಹರಿಹರದ ದೊಡ್ಡವ್ವನ ಮನೆಯಲ್ಲಿ ಬಿಟ್ಟಿದ್ದರು. ಮಕ್ಕಳಿಲ್ಲದ ಆಕೆಯ ಜೊತೆ ಹೊಳೆಗೆ ಬಟ್ಟೆ ಒಗೆಯಲು ಹೋಗುತ್ತ, ಬಾಯಿಗೆ ಬಂದದ್ದೆಲ್ಲ ಹರಟುತ್ತ ಎರಡು ವರ್ಷ ಕಳೆದೆ. ಆಮೇಲೆ ದಾವಣಗೆರೆಗೆ ಕರೆತಂದರು. ಗುರುತಿಲ್ಲದ ಶಾಲೆ, ಗುರುತಿಲ್ಲದ ತಮ್ಮ. ಮನೆಯಲ್ಲಿ ಉಣ್ಣುವ ಗಂಗಾಳ ದೂಡುತ್ತಿದ್ದೆ. ಶಾಲೆಯಲ್ಲಿ ಗೋಡೆಗೊರಗಿ ಸುಮ್ಮನೆ ಕೂರುತ್ತಿದ್ದೆ.

ದೊಡ್ಡವ್ವ ನೋಡಲು ಬಂದಳು. ಹುಡುಗಿ ಸೊರಗಿದೆ, ನಾನು ಕರಕೊಂಡು ಹೋಗುತ್ತೇನೆ ಎಂದಳು. ನನಗೆ ಬೇಕಾಗಿದ್ದುದೂ ಅಷ್ಟೇ. ಬಾಗಿಲ ಹಿಂದೆ ನಿಂತು ಮನಸ್ಸಿನಲ್ಲೇ ಲಂಗ ಮಡಚಿಡತೊಡಗಿದೆ.

ಅಪ್ಪ ಹತ್ತಿ ದಲಾಲಿ ಅಂಗಡಿಯಲ್ಲಿ ಮಾಲು ಪರೀಕ್ಷಿಸುವವನು. ಹತ್ತಿ ತುಂಬಿದ ಅಂಡಿಗೆಗೆ ಕೈ ಹಾಕಿ ಮೇಲೆ, ನಡುವೆ, ತಳದಲ್ಲಿ ಒಂದೊಂದು ಹಿಡಿ ಕಿತ್ತು, ಬೆರಳಲ್ಲಿ ಎಳೆದು ನೋಡಿ ತೀರ್ಪು ಕೊಡುವುದು ಅವನ ಕಸುಬು. ನನ್ನನ್ನೂ ಹಾಗೇ ನೋಡಿದ. ಅವ್ವನನ್ನು ಕೇಳಿದ: ಹಠಮಾರಿ, ಮೊಂಡಿ ಎಂದಳು. ಮೇಷ್ಟ್ರನ್ನು ಚಹಾಕ್ಕೆ ಕರೆದು ಕೇಳಿದ: ಇಂಥ ಸಂಭಾವಿತ ಕೂಸು ಇಡೀ ಶಾಲೆಯಲ್ಲಿಲ್ಲ, ಕೂತರೆ ಕೂತಲ್ಲೇ ಎಂದು ಅವರು ಹೊಗಳಿದರು. ದೊಡ್ಡವ್ವನೋ, ನನ್ನ ಮನೆಯಲ್ಲಿ ಇದರ ಬಾಯಿಗೆ ಬಿಡುವೇ ಇರಲಿಲ್ಲ ಎಂದಳು.

ಅಪ್ಪ ನಕ್ಕ. ‘ಒಂದೇ ಅಂಡಿಗೆಯಾಗೆ ಮೂರು ಕಡೆ ಮೂರು ತರ ಹತ್ತಿ ಬಂದ್ರೆ ಅದು ಬೆರಕೆ ಮಾಲು ಅಕ್ಕಾರೆ. ಎದುರಿಗಿರೋರನ್ನ ನೋಡಿ ವೇಷ ಕಟ್ತಾಳೆ ಇವಳು. ಇನ್ನೂ ಸಲಿಗೆ ಬ್ಯಾಡ.’

‘ಆ ಕೂಸನ್ನ ಒಂದು ಮಾತು ಕೇಳ್ರಿ’ ಎಂದಳು ದೊಡ್ಡವ್ವ.

‘ಮಾಲನ್ನ ಯಾರಾದ್ರೂ ಕೇಳ್ತಾರೇನ್ರಿ?’

ಮೇಷ್ಟ್ರೂ ನಕ್ಕರು. ದೊಡ್ಡವ್ವ ಸಂಜೆಯ ಬಸ್ಸಿಗೆ ಒಬ್ಬಳೇ ಹೋದಳು.

ಬೆರಕೆ ಎಂದರೆ ನಮ್ಮ ಕಡೆ ಕಲಬೆರಕೆಯೂ ಹೌದು, ಕಪಟವೂ ಹೌದು. ಒಂದೇ ಮಾತಿನಲ್ಲಿ ಅಪ್ಪ ಎರಡು ಕೆಲಸ ಮುಗಿಸಿದ್ದ. ನಾನೂ ಅವನ ಮಗಳೇ, ಮಾಲನ್ನು ಶುದ್ಧ ಮಾಡಿದೆ. ಮನೆಯಲ್ಲಿ ಬಡಿಸಿದ್ದನ್ನು ಉಂಡೆ, ಕರೆದರೆ ಬಂದೆ. ರಜೆಗೆ ಹರಿಹರಕ್ಕೆ ಹೋದಾಗ ಅಲ್ಲೂ ಗೋಡೆಗೊರಗಿ ಕೂತೆ. ದೊಡ್ಡವ್ವ ಮಾತಾಡಿಸಿ ಮಾತಾಡಿಸಿ ಸೋತು, ಬಟ್ಟೆಗಂಟು ಹೊತ್ತು ಹೊಳೆಗೆ ಹೋದಳು. ಅಪ್ಪ ಮಾತ್ರ ಬಂದವರಿಗೆಲ್ಲ ಹೇಳುತ್ತಿದ್ದ: ‘ಈಗ ಎಲ್ಲಿ ಬೇಕಾದ್ರೂ ಕಿತ್ತು ನೋಡ್ರಿ, ಒಂದೇ ಎಳೆ.’

ಇಷ್ಟೆಲ್ಲ ಉಂಡವಳು ಟೀಚರ ಮಾತು ಕೇಳಿ ಸುಮ್ಮನಿರಬೇಕಿತ್ತೋ ಇಲ್ಲವೋ, ನೀವೇ ಹೇಳಿ. ಕೈಚೀಲ ಇಳಿಸುವ ಮೊದಲೇ ಮಗಳನ್ನು ಕೇಳಿಬಿಟ್ಟೆ: ‘ಶಾಲೆಯಾಗೆ ಭಾಳ ನಗ್ತೀಯಂತೆ, ನಗಿಸ್ತೀಯಂತೆ. ಮನೆಯಾಗೆ ಏನಾಗೈತೆ ನಿಂಗೆ?’

ಅವಳು ಪುಸ್ತಕದಿಂದ ತಲೆ ಎತ್ತಲಿಲ್ಲ.

‘ಆತು ಬಿಡಮ್ಮ’ ಎಂದಳು, ‘ನಾಳಿಂದ ಅಲ್ಲೂ ನಗಲ್ಲ.’