ಗೋಡೆಯ ತಳದಲ್ಲಿದ್ದ ಹಾಸಿಗೆ

ಹತ್ತಿ ಅತ್ತೆ ನಿಜಕ್ಕೂ ಯಾರಿಗೆ ಅತ್ತೆ ಎಂದು ಕೇಳಿದರೆ ಯಾರೂ ಹೇಳಲಾರರು. ಎಲ್ಲರೂ ಹಾಗೆ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ಮೇಲಿನ ಬೀದಿಯ ಮೊದಲನೇ ಮನೆಯಲ್ಲಿ ಕೂತು ಹತ್ತಿ ಹಿಂಜಿ, ಹಾಸಿಗೆ ತುಂಬಿ ಹೊಲಿಯುವುದು ಅವಳ ಕಸುಬು. ತಲೆಯಲ್ಲಿ, ಹುಬ್ಬಿನಲ್ಲಿ, ಕಿವಿಯಲ್ಲಿ ಹತ್ತಿ ಸಿಕ್ಕಿಕೊಂಡೇ ಇರುತ್ತಿತ್ತು. ಅವಳು ಸೀನಿದರೆ ಎದುರಿಗೆ ನಿಂತವರು ಬೆಳ್ಳಗಾಗುತ್ತಿದ್ದರು.

ಎರಡು ಬೀದಿಗಳಲ್ಲಿ ಅವಳು ಹೊಲಿಯದ ಹಾಸಿಗೆಯೇ ಇರಲಿಲ್ಲ. ಯಾರು ಅಂಗಾತ ಮಲಗುತ್ತಾರೆ, ಯಾರು ಮಗ್ಗುಲಾಗಿ, ಯಾರ ಸೊಂಟದ ಕೆಳಗೆ ಒಂದು ಹಿಡಿ ಹತ್ತಿ ಹೆಚ್ಚು ಬೇಕು ಎಂಬುದೆಲ್ಲ ಅವಳ ಬೆರಳಿಗೆ ಬಾಯಿಪಾಠ. ಎಲ್ಲಕ್ಕಿಂತ ಜೋಪಾನವಾಗಿ ತುಂಬಿದ್ದು ತಂಗಿಯ ಹಾಸಿಗೆ. ತಂಗಿಯನ್ನು ಕೆಳಗಿನ ಬೀದಿಗೆ ಕೊಟ್ಟಿತ್ತು. ಅವಳಿಗೆ ಮೊದಲಿನಿಂದಲೂ ಸೊಂಟದ ಕಾಟ. ಬೇರೆ ಯಾವ ಹಾಸಿಗೆಯ ಮೇಲೆ ಮಲಗಿದರೂ ಬೆಳಿಗ್ಗೆ ಇಬ್ಬರು ಹಿಡಿದೆತ್ತಬೇಕಿತ್ತು.

ಎರಡು ಬೀದಿಗಳ ನಡುವೆ ನೀರಿನ ಟ್ಯಾಂಕು ಇತ್ತು. ಅದಕ್ಕೆ ಹೊಸದಾಗಿ ಬಣ್ಣ ಹೊಡೆದಾಗ ಯಾವ ಬೀದಿಯ ಹೆಸರು ಮೊದಲು ಬರೆಯಬೇಕು ಎಂಬ ಮಾತು ಬಂತು. ಮಾತಿಗೆ ಮಾತು ಬೆಳೆಯಿತು, ಕೈಗೆ ಕೈ ಹತ್ತಿತು, ಆಮೇಲೆ ಕಲ್ಲು ಹಾರಿತು. ಗಾಜು ಉಳಿದ ಕಿಟಕಿ ಇಲ್ಲದಂತಾಯಿತು. ತಂಗಿಯ ಗಂಡನ ಹಣೆಗೆ ಹೊಲಿಗೆ ಬಿತ್ತು. ನೋಡಿಕೊಂಡು ಬರಲು ಹೊರಟ ಹತ್ತಿ ಅತ್ತೆಯನ್ನು ಅವಳ ಬೀದಿಯವರೇ ತಡೆದು ವಾಪಸ್ ಕಳಿಸಿದರು. ಅವತ್ತು ಅವಳು ಹಿಂಜಿದ ಹತ್ತಿ ದಿಂಬಿಗೂ ಬರದಷ್ಟು ಪುಡಿಯಾಯಿತು.

ಸೈಕಲ್ ಶಾಪು ಮೇಲಿನ ಬೀದಿಯಲ್ಲಿತ್ತು. ಹಾಗಾಗಿ ಕೆಳಗಿನವರೆಲ್ಲ ಪಂಕ್ಚರಾದ ಸೈಕಲ್ಲನ್ನು ತಳ್ಳಿಕೊಂಡು ಓಡಾಡಿದರು. ಕ್ಷೌರದ ಅಂಗಡಿ ಕೆಳಗಿನ ಬೀದಿಯಲ್ಲಿತ್ತು. ಹಾಗಾಗಿ ಮೇಲಿನವರ ಗಡ್ಡ ಎದೆಗಿಳಿಯಿತು. ಈ ಎರಡು ಅಂಗಡಿಯವರೇ ಎರಡು ಬೀದಿಗೂ ಮುಖಂಡರು.

ಟ್ಯಾಂಕಿನ ಬುಡದಲ್ಲಿ ಇಬ್ಬರೂ ಸೇರಿ, ಆದರೆ ಸೇರಿದ್ದೇವೆಂದು ಒಪ್ಪಿಕೊಳ್ಳದೆ, ಒಂದು ಗೋಡೆ ಎಬ್ಬಿಸಿದರು. ಮುರುಕು ಮೇಜು, ಬಾಗಿಲು, ಡ್ರಮ್ಮು, ಒಂದೆರಡು ಹಳೇ ಹಾಸಿಗೆ ಎಲ್ಲ ಬಂದವು. ಕಲ್ಲು ಮೇಜಿಗೆ ಬಿದ್ದರೆ ಸಿಡಿದು ಬರುತ್ತಿತ್ತು. ಹಾಸಿಗೆಗೆ ಬಿದ್ದರೆ ಥಪ್ಪೆಂದು ಅಲ್ಲೇ ಬೀಳುತ್ತಿತ್ತು. ಅದನ್ನು ಕಂಡದ್ದೇ ತಡ, "ಅವರಿಗಿಂತ ನಮ್ಮದೇನು ಕಮ್ಮಿ" ಎಂದು ಮನೆಮನೆಯಿಂದ ಹಾಸಿಗೆ ತಂದು ಒಟ್ಟಿದರು. ವಾರ ಕಳೆಯುವುದರೊಳಗೆ ಎರಡು ಬೀದಿಯವರೂ ಬರೀ ನೆಲದ ಮೇಲೆ ಮಲಗಿ, ಬೆಳಿಗ್ಗೆ ಕತ್ತು ತಿರುಗದೆ, ಕೈ ಎತ್ತಿ ಕಲ್ಲು ಬೀಸಲಾಗದೆ, ಸುಮ್ಮನೆ ಬೈದುಕೊಂಡಿರುವಂತಾಯಿತು.

ಗೋಡೆಯ ಸಂದಿನಿಂದ ತಂಗಿಯ ಧ್ವನಿ ಬಂತು.

"ಅಕ್ಕಾ, ನನ್ ಹಾಸಿಗೆನೂ ಎತ್ಕೊಂಡ್ ಬಂದ್ಬಿಟ್ರು ಕಣೇ. ತಳಕ್ಕೆ ಹಾಕಿದಾರೆ."

"ನಿಂತ್ಕೊಂಡಿದೀಯೇನೇ ಈಗ?"

"ನಿಂತಿಲ್ಲ. ಬಗ್ಗಿದೀನಿ. ಬಗ್ಗಿದ್ದು ಹಂಗೇ ಹಿಡ್ಕೊಂಬಿಟ್ಟಿದೆ."

ಹತ್ತಿ ಅತ್ತೆ ನೇರ ಸೈಕಲ್ ಶಾಪಿನವನ ಹತ್ತಿರ ಹೋದಳು. "ತಳದಲ್ಲಿರೋದು ಒಂದೇ ಒಂದು ಹಾಸಿಗೆ ತೆಗೆಸಪ್ಪಾ."

"ತಳದ್ದು ತೆಗೆದ್ರೆ ಮೇಲಿಂದೆಲ್ಲ ಬೀಳುತ್ತಲ್ಲತ್ತೆ! ಅದೂ ಆ ಕಡೆಯೋರ ಹಾಸಿಗೆ!"

"ಅದ್ರಲ್ಲಿರೋ ಹತ್ತಿ ನಂದು ಕಣೋ."

ಅವನು ಗಡ್ಡ ಕೆರೆದುಕೊಂಡನು, ಆದರೆ ಒಪ್ಪಲಿಲ್ಲ. ಗಡ್ಡ ಕೆರೆಯುವ ಆ ಬೆರಳನ್ನು ನೋಡುತ್ತಲೇ ಹತ್ತಿ ಅತ್ತೆಗೆ ಏನೋ ಹೊಳೆಯಿತು. ಗೋಡೆಯ ಹತ್ತಿರ ಹೋಗಿ, ಆ ಕಡೆಗೂ ಕೇಳುವಂತೆ, ಯಾರಿಗೂ ಅಲ್ಲವೆಂಬಂತೆ ಹೇಳಿದಳು: "ಅಯ್ಯೋ, ಇಷ್ಟು ದಿನ ಬಿಸಿಲು ಕಾಣದ ಹಾಸಿಗೆ! ಒಳಗೆ ತಿಗಣೆ ಸಂಸಾರ ಹೂಡಿರುತ್ತೆ."

ತಿಗಣೆ ಎಂಬ ಮಾತು ಕಿವಿಗೆ ಬಿದ್ದದ್ದೇ ಗೋಡೆಗೊರಗಿ ಕಾವಲಿದ್ದವನು ಬೆನ್ನು ಕೆರೆದುಕೊಂಡ. ಅವನನ್ನು ನೋಡಿ ಪಕ್ಕದವನು ತೊಡೆ ಕೆರೆದ. ಆ ಕಡೆಯಿಂದಲೂ ಪರಪರ ಸದ್ದು ಕೇಳಿತು. ಮಧ್ಯಾಹ್ನದ ಹೊತ್ತಿಗೆ ಎರಡು ಬೀದಿಗಳೂ ತುರಿಸಿಕೊಳ್ಳುತ್ತಿದ್ದವು. ಇಷ್ಟಕ್ಕೂ ತಿಗಣೆಯನ್ನು ಯಾರೂ ಕಂಡಿರಲಿಲ್ಲ. ಸುಳ್ಳು ಹೇಳಿದ ಹತ್ತಿ ಅತ್ತೆಗೇ ಕುತ್ತಿಗೆಯ ಹಿಂದೆ ಏನೋ ಹರಿದಂತಾಗಿ, ಮನೆಗೆ ಹೋಗಿ ಸೀರೆ ಕೊಡವಿ ಬಂದಳು.

"ನಮ್ಮ ಹಾಸಿಗೇಲಿ ತಿಗಣೆ ಇರ್ಲಿಲ್ಲ! ನಿಮ್ಮ ಕಡೆಯಿಂದ ಬಂದಿದಾವೆ!" ಎಂದು ಕ್ಷೌರದವನು ಕೂಗಿದ.

"ನಮ್ಮ ತಿಗಣೆ ನಿಮ್ಮ ಕಡೆ ಕಾಲೂ ಇಡಲ್ಲ ಹೋಗೋ!" ಎಂದ ಸೈಕಲ್ ಶಾಪಿನವನು, ಎರಡು ಕೈಯಲ್ಲೂ ಹೊಟ್ಟೆ ಕೆರೆದುಕೊಳ್ಳುತ್ತ.

ಕ್ಷೌರದವನು ಸಾಕ್ಷಿಗೆ ಒಂದು ತಿಗಣೆ ಹಿಡಿದಿದ್ದೇನೆಂದು ಬೆಂಕಿಪೊಟ್ಟಣವೊಂದನ್ನು ಸಂದಿನಿಂದ ತೂರಿದ. ಸೈಕಲ್ ಶಾಪಿನವನು ಉಸಿರು ಬಿಗಿಹಿಡಿದು ಪೊಟ್ಟಣ ತೆರೆದರೆ ಒಳಗೆ ಮೂಲಂಗಿ ಬೀಜವಿತ್ತು. ಆದರೂ ಅದನ್ನು ನೋಡಿದವರೆಲ್ಲ ಇನ್ನಷ್ಟು ಕೆರೆದುಕೊಂಡರು.

ಕೊನೆಗೆ, ಒಂದು ದಿನದ ಮಟ್ಟಿಗೆ ಕಲ್ಲು ಬೇಡ, ಹಾಸಿಗೆ ಬಿಸಿಲಿಗೆ ಹಾಕೋಣ, ಹತ್ತಿ ಅತ್ತೆ ಬಡಿದು ಕೊಡಲಿ ಎಂದು ತೀರ್ಮಾನವಾಯಿತು. ಹಾಸಿಗೆಗಳು ಒಂದೊಂದಾಗಿ ಇಳಿದವು. ಹತ್ತಿ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೋಲು ಹಿಡಿದಳು. ಧೂಳಿಗೆ ಎರಡು ಬೀದಿಯವರೂ ಒಟ್ಟಿಗೆ ಕೆಮ್ಮಿದರು. ಇಳಿಹೊತ್ತಿಗೆ ಹಾಸಿಗೆಗಳು ಉಬ್ಬಿ, ಬೆಚ್ಚಗಾಗಿ ಟ್ಯಾಂಕಿನ ಸುತ್ತ ಬಿದ್ದಿದ್ದವು. ಕತ್ತು ಹಿಡಿದು ನೊಂದಿದ್ದ ಕಾವಲಿನವರು ಒಬ್ಬೊಬ್ಬರಾಗಿ "ಸುಮ್ನೆ ಒರಗಿ ನೋಡ್ತೀನಿ" ಎಂದು ಒರಗಿದರು. ಒರಗಿದವರು ಏಳಲಿಲ್ಲ. ಸೈಕಲ್ ಶಾಪಿನವನು ಮಲಗಿದ್ದು ಕ್ಷೌರದವನ ಹಾಸಿಗೆಯ ಮೇಲೆ. ಕ್ಷೌರದವನು ಬಂದು ನೋಡಿ, ಎಬ್ಬಿಸಲು ಕೈಚಾಚಿ, ಆ ಗಡ್ಡವನ್ನು ಕಂಡು ತಡೆಯಲಾರದೆ ಕತ್ತರಿ ತರಲು ಹೋದನು.

ಆ ಗದ್ದಲದಲ್ಲಿ ಹತ್ತಿ ಅತ್ತೆ ತಳದ ಹಾಸಿಗೆಯನ್ನು ಸುರುಳಿ ಸುತ್ತಿ ತಲೆಯ ಮೇಲೆ ಹೊತ್ತು ಕೆಳಗಿನ ಬೀದಿಗೆ ನಡೆದಳು. ಯಾರೂ ತಡೆಯಲಿಲ್ಲ, ಹಾಸಿಗೆಯ ಕೆಳಗೆ ಅವಳ ಮುಖವೇ ಕಾಣುತ್ತಿರಲಿಲ್ಲ.

ಜಗಳ ಅಂದಿಗೇ ಮುಗಿಯಿತೆಂದೇನೂ ಅಲ್ಲ. ಮೇಜು, ಡ್ರಮ್ಮು ಇನ್ನೂ ಬಹಳ ದಿನ ಅಲ್ಲೇ ಬಿದ್ದಿದ್ದವು. ಹಾಸಿಗೆ ಮಾತ್ರ ಯಾರೂ ಮತ್ತೆ ಕೊಡಲಿಲ್ಲ. ಹಾಸಿಗೆಗಳು ಹೋದ ಜಾಗದಲ್ಲಿ ಒಬ್ಬ ಮನುಷ್ಯ ಆರಾಮಾಗಿ ನುಸುಳುವಷ್ಟು ಕಿಂಡಿ ಉಳಿಯಿತು.

ತಂಗಿಯ ಮನೆಯಲ್ಲಿ ಹತ್ತಿ ಅತ್ತೆ ಹಾಸಿಗೆ ಹಾಸಿ, ಮೊದಲು ತಂಗಿಯ ಗಂಡನ ಹಣೆಯ ಹೊಲಿಗೆಯನ್ನು ಬಗ್ಗಿ ನೋಡಿದಳು. "ದೂರ ದೂರ ಹಾಕಿದಾರೆ. ನಾನಾಗಿದ್ರೆ ಒತ್ತಾಗಿ ಹೊಲೀತಿದ್ದೆ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಹತ್ತಿ ಬಿದ್ದಿದೆ ಎಂದು ಒರೆಸಿಕೊಂಡಳು.

ತಂಗಿಯನ್ನು ಹಿಡಿದು ಮಲಗಿಸಿದರು. ಅವಳು "ಉಸ್ಸಪ್ಪಾ" ಎಂದು ಕಾಲು ಚಾಚಿ, ಸೊಂಟ ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಹೊರಳಿಸಿ, ಹುಬ್ಬು ಗಂಟು ಹಾಕಿದಳು.

"ಯಾಕೆ, ಚೆನ್ನಾಗಿಲ್ವೇನೇ?"

"ಚೆನ್ನಾಗಿದೆ. ಎಡಗಡೆ ಒಂಚೂರು ಗಂಟು ಗಂಟು ಅನ್ಸುತ್ತಕ್ಕಾ. ನಾಳೆನೂ ಬಾ."