ಕುಣಿಮಗ್ಗದ ಕೋಣೆ

ಬೆಟಗೇರಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ನೆಲ ಅಗೆದು ಕೂಡಿಸಿದ ಕುಣಿಮಗ್ಗವಿತ್ತು. ನೇಯುವವನು ನೆಲದ ಮಟ್ಟದಲ್ಲಿ ಕುಳಿತು ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟು ಹಲಗೆ ತುಳಿಯಬೇಕು. ಹೊರಗೆ ಬಿಸಿಲು ಸುಡುತ್ತಿದ್ದಾಗಲೂ ಮೊಣಕಾಲಿನ ಕೆಳಗೆ ಮಣ್ಣಿನ ತಂಪು. ಆ ತಂಪಿಗಾಗಿ ನನ್ನ ಕಾಲುಗಳು ಈಗಲೂ ಹಂಬಲಿಸುತ್ತವೆ.

ಕೊರೊನಾ ಬಂದು ಸೀರೆಯ ವ್ಯಾಪಾರ ಬಿದ್ದಾಗ, ಮನೆ ಅಡವಿಟ್ಟು ತಂದ ಸಾಲದ ಕಂತು ನಿಂತಿತು. ಬ್ಯಾಂಕು ಕಂತು ಮುಂದೂಡಿದ ತಿಂಗಳುಗಳ ಬಡ್ಡಿ ಮಾತ್ರ ನಿಲ್ಲಲಿಲ್ಲ. ಬ್ಯಾಂಕಿನ ಪರವಾಗಿ ಮನೆಗೆ ಬೆಲೆ ಕಟ್ಟಲು ಬಂದವನು ಚಪ್ಪಲಿ ಬಿಡದೆ ಒಳಗೆ ಬಂದ. ಅದನ್ನು ನಾನು ಮರೆತಿಲ್ಲ. ಕುಣಿಯ ಅಂಚಿನಲ್ಲಿ ನಿಂತು ಕೇಳಿದ:

"ಇದೇನ್ರಿ, ನೆಲಾ ಕುಸದೈತಲ್ಲ?"

"ಕುಸದಿಲ್ರಿ. ನಮ್ಮಪ್ಪ ಅಗದಾನ."

"ಎರಡೂ ಒಂದ ಆತು ಬಿಡ್ರಿ," ಎಂದು ಬರೆದುಕೊಂಡ.

ದೀಪಾವಳಿಗೆ ಮುನ್ನ ಜಪ್ತಿಯ ನೋಟಿಸನ್ನು ಬಾಗಿಲಿಗೇ ಅಂಟಿಸಿದರು. ಹಬ್ಬದ ಸಾರಣೆ ಮಾಡುವಾಗ ನನ್ನ ಹೆಂಡತಿ ಆ ಕಾಗದ ನೆನೆಯದಂತೆ ಅದರ ಸುತ್ತಲಷ್ಟೇ ಒರೆಸಿದಳು. ಎದುರು ಮನೆಯಾಕೆ ನೋಡಿ, "ಅದಕ್ಕೂ ಒಂದೀಟು ಕುಂಕುಮಾ ಹಚ್ಚವ್ವಾ, ಹಬ್ಬಕ್ಕ ಬಂದ ಬೀಗರಂಗ ಕುಂತೈತಿ," ಎಂದಳು.

"ನಿನ್ನ ಬಾಗಲಕ್ಕ ಬಂದಾಗ ನೀ ಹಚ್ಚು, ಬಟ್ಟಲಾ ನಾ ಕೊಡ್ತೀನಿ," ಎಂದಳು ನನ್ನ ಹೆಂಡತಿ. ಓಣಿ ನಕ್ಕಿತು. ನನಗೆ ನಗು ಬರಲಿಲ್ಲ.

ಬ್ಯಾಂಕಿಗೆ ಹೊಸದಾಗಿ ಬಂದ ಅಧಿಕಾರಿ ನನಗೆ ಕುರ್ಚಿ ಕೊಟ್ಟು ಮಾತನಾಡಿಸಿದರು. ಅದುವರೆಗೆ ಅಲ್ಲಿ ಯಾರೂ ಕೊಟ್ಟಿರಲಿಲ್ಲ. ಬಡ್ಡಿಯ ಬಹುಪಾಲು ಬಿಡುತ್ತೇವೆ, ಉಳಿದುದನ್ನು ಒಂದೇ ಗಂಟಿನಲ್ಲಿ ಕಟ್ಟಿದರೆ ಮನೆ ಹರಾಜಿಗೆ ಹೋಗುವುದಿಲ್ಲ ಎಂದರು. ಆದರೆ ಗಂಟು ಎಲ್ಲಿಂದ ತರುವುದು? ಪಕ್ಕದ ಮನೆಯವನಿಗೆ ಆಟೋ ಬಿಡಿಭಾಗಗಳ ಅಂಗಡಿಗೆ ಜಾಗ ಬೇಕಾಗಿತ್ತು. ಅವನು ಬಂದು ಕುಳಿತ.

"ಕಾಕಾ, ಪೂರಾ ಮನಿ ಹೋಗೂದಕ್ಕಿಂತ ಮುಂದಿನ ಖೋಲಿ ನನಗ ಕೊಡ್ರಿ. ಹಿಂದ ಆರಾಮ ಇರ್ರಿ."

ಬ್ಯಾಂಕಿನ ಒಪ್ಪಿಗೆ ಪಡೆದು ಕೊಟ್ಟೆವು. ಮಗ್ಗವನ್ನು ಬಿಚ್ಚಿ ಅಟ್ಟಕ್ಕೇರಿಸಿದೆವು. ಕುಣಿಯನ್ನು ಬಿಚ್ಚಿ ತರುವಂತಿರಲಿಲ್ಲ. ನಡುವೆ ಗೋಡೆ ಎದ್ದಿತು. ಈಗ ನಾವು ಪಕ್ಕದ ಸಂದಿಯಿಂದ ಮನೆಯೊಳಗೆ ಹೋಗುತ್ತೇವೆ. ಮನೆ ಉಳಿಯಿತಲ್ಲ ಎಂದು ಬಂಧುಗಳು ಹೇಳುತ್ತಾರೆ. ಅವರಲ್ಲಿ ಯಾರೂ ಆ ದಿನಗಳಲ್ಲಿ ನಮ್ಮ ಓಣಿಗೆ ಕಾಲಿಟ್ಟವರಲ್ಲ.

ಅಂಗಡಿಯ ಪೂಜೆಗೆ ಅವನು ನಮ್ಮನ್ನು ಕರೆದ. ಹೋದೆ. ನೆಲಕ್ಕೆ ಹೊಳೆಯುವ ಟೈಲ್ಸು ಹಾಕಿಸಿದ್ದ. ಕುಣಿ ಇದ್ದಲ್ಲಿಗೇ ಕುರ್ಚಿ ಎಳೆದು, "ಕುಂಡ್ರಿ ಕಾಕಾ, ನಿಮ್ಮ ಜಾಗಾನ ಐತಿ," ಎಂದ. ಚಹಾ ತಂದುಕೊಟ್ಟ. ಅವನ ಮಾತಿನಲ್ಲಿ ಕೊಂಕಿರಲಿಲ್ಲವೆಂದು ಹೆಂಡತಿ ಇಂದಿಗೂ ವಾದಿಸುತ್ತಾಳೆ, ನಾನು ಒಪ್ಪಿಲ್ಲ. ಕುಳಿತೆ. ಕಾಲುಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.